ಕಾರಣ ತಿಳಿಯದ ಸಾವು ಮತ್ತು ಅಲರ್ಜಿ: ಓದುಗರ ಪ್ರಶ್ನೆಗಳಿಗೆ ಉತ್ತರ

(ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ವಿಧಿವಿಜ್ಞಾನ ವೈದ್ಯಶಾಸ್ತ್ರ ಕಲಿಸಿ ನಿವೃತ್ತರಾದ ನಮ್ಮ ಅಂಕಣಕಾರ್ತಿ ಈ ಸಲ ಒಂದೇ ವಿಷಯದ ಸುತ್ತ ಬಂದ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನನ್ನ ತಮ್ಮನಿಗೆ ಮೂವತ್ತೊಂದು ವರ್ಷ. ಕಳೆದ ವರ್ಷ ಸೊಂಟನೋವೆಂದು ಔಷಧದ ಅಂಗಡಿಯಿಂದ ನೋವಿನ ಮಾತ್ರೆ ತಂದಿದ್ದ. ರಾತ್ರಿ ಊಟ ಮಾಡಿ ಒಂದು ಮಾತ್ರೆ ನುಂಗಿದ. ಸ್ವಲ್ಪ ಹೊತ್ತಿಗೆ ಅಂಗೈ ಕಡಿಯುತ್ತಿದೆ ಎಂದ, ಬೆವರಿದ, ವಾಂತಿ ಮಾಡಿದ, ಉಸಿರು ಕಟ್ಟುತ್ತಿದೆ ಎಂದ. ಆಟೊದಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಎಫ್‌ಎಸ್‌ಎಲ್‌ನಿಂದ (ವಿಧಿವಿಜ್ಞಾನ ಪ್ರಯೋಗಾಲಯದಿಂದ) ವಿಷವಿಲ್ಲ ಎಂದು ವರದಿ ಬಂತು. ಕೊನೆಗೆ ‘ಸಾವಿನ ಕಾರಣ ನಿರ್ಧರಿಸಲು ಸಾಧ್ಯವಾಗಿಲ್ಲ’ ಎಂದು ಬರೆದುಕೊಟ್ಟರು. ಅಂದು ಅಡುಗೆ ಮಾಡಿ ಬಡಿಸಿದವಳು ತಮ್ಮನ ಹೆಂಡತಿ. ಈಗ ಊರಿನವರ ಕಣ್ಣು, ನಮ್ಮ ಮನೆಯವರ ಕಣ್ಣೂ, ಅವಳ ಮೇಲಿದೆ. ಇಂಥದೇ ಮಾತ್ರೆ ತಿಂದು ಹಿಂದೊಮ್ಮೆ ಅವನ ಮೈಮೇಲೆಲ್ಲ ಪಿತ್ತದ ಗಂಧೆ ಎದ್ದಿತ್ತು. ಇದು ಅಲರ್ಜಿ ಇರಬಹುದೇ? ಈಗ ಏನಾದರೂ ಮಾಡಲು ಬರುತ್ತದೆಯೇ?
— ಒಬ್ಬ ಅಕ್ಕ, ಅರಸೀಕೆರೆ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ದೂರದಲ್ಲಿ ಕುಳಿತು ನಿಮ್ಮ ತಮ್ಮನ ಸಾವಿಗೆ ಇದೇ ಕಾರಣ ಎಂದು ಬರೆದುಕೊಡುವ ಹಕ್ಕು ನನಗಿಲ್ಲ. ಆದರೆ ಶವಾಗಾರದ ಬಾಗಿಲಲ್ಲಿ ಯಾರಾದರೂ ನನಗೆ ಇಷ್ಟನ್ನು ಹೇಳಿದ್ದರೆ, ಅಂದರೆ ಮಾತ್ರೆ, ಅಂಗೈ ಕಡಿತ, ಬೆವರು, ವಾಂತಿ, ಉಸಿರುಕಟ್ಟು, ಕುಸಿತ, ಎಲ್ಲವೂ ಅರ್ಧ ಗಂಟೆಯೊಳಗೆ, ಜೊತೆಗೆ ಹಿಂದೆ ಎದ್ದ ಗಂಧೆ, ಆಗ ನನ್ನ ಮೊದಲ ಅನುಮಾನ ಅನಾಫಿಲಾಕ್ಸಿಸ್ ಎಂಬ ತೀವ್ರ ಅಲರ್ಜಿಯ ಮೇಲೆಯೇ ಇರುತ್ತಿತ್ತು. ನಿಮ್ಮಲ್ಲಿ ನನ್ನ ಪ್ರಶ್ನೆ ಒಂದೇ: ಇದನ್ನೆಲ್ಲ ಅಂದು ಯಾರಾದರೂ ನಿಮ್ಮನ್ನು ಕೇಳಿದರೇ? ನಾನು ನೋಡಿರುವ ಪಂಚನಾಮೆಗಳಲ್ಲಿ ಇಂಥ ಸಾವಿಗೆ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ‘ಊಟ ಮಾಡಿದ ನಂತರ ಅಸ್ವಸ್ಥರಾಗಿ, ಆಸ್ಪತ್ರೆಗೆ ಸಾಗಿಸುವ ಮಾರ್ಗಮಧ್ಯೆ ಮೃತಪಟ್ಟಿರುತ್ತಾರೆ.’ ಅಂಗೈ ಕಡಿತ ಆ ಸಾಲಿನೊಳಗೆ ಎಲ್ಲೋ ಕಳೆದುಹೋಗಿರುತ್ತದೆ. ಆ ಕಾಗದ ಓದಿಕೊಂಡು ಕೈಗವಸು ಹಾಕುವ ವೈದ್ಯರಿಗೆ ಹೊಳೆಯುವುದು ಹೃದಯಾಘಾತ ಇಲ್ಲವೇ ವಿಷ.

ಹಾಗಾದರೆ ಶವಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೇಕೆ? ಚರ್ಮದಲ್ಲಿ, ಶ್ವಾಸನಾಳದಲ್ಲಿ, ಕರುಳಿನಲ್ಲಿ, ಹೃದಯದಲ್ಲಿ ಕೂಡ ಮಾಸ್ಟ್ ಕೋಶ ಎಂಬ ಜೀವಕೋಶಗಳಿವೆ. ಒಗ್ಗದ ವಸ್ತು ಮೈಗೆ ಸೇರಿದಾಗ ಅವು ತಮ್ಮೊಳಗಿನ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಚೆಲ್ಲುತ್ತವೆ. ರಕ್ತನಾಳಗಳು ಸಡಿಲಗೊಂಡು ಸೋರತೊಡಗುತ್ತವೆ. ಶ್ವಾಸನಾಳ ಬಿಗಿಯುತ್ತದೆ. ರಕ್ತ ಹೃದಯಕ್ಕೆ ಮರಳುವುದೇ ಇಲ್ಲ. ಇದು ದೇಹದ ನಡೆಯಲ್ಲಿ ಆಗುವ ಕೆಡುಕು. ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಕತ್ತರಿಸಿದಾಗ ಸಿಗುತ್ತದೆ, ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಸಿಗುತ್ತದೆ, ಇದು ಸಿಗುವುದಿಲ್ಲ. ಮೈಮೇಲಿನ ಗಂಧೆ ಎದ್ದು ಕಾಣಲು ಹರಿಯುವ ರಕ್ತ ಬೇಕು. ಸಾವಿನೊಂದಿಗೆ ಅದು ಮಾಸಿಹೋಗುತ್ತದೆ. ಗಂಟಲಿನ ಊತವನ್ನು ನೋಡಲು ನಾವು ನಾಲಗೆಯಿಂದ ಹಿಡಿದು ಶ್ವಾಸನಾಳದವರೆಗೆ ಒಂದೇ ತುಂಡಾಗಿ ಹೊರತೆಗೆದು, ಮಗುಚಿ, ಹಿಂಬದಿಯಿಂದ ಧ್ವನಿಪೆಟ್ಟಿಗೆಯ ಬಾಯನ್ನು ನೋಡುತ್ತೇವೆ. ಊತವಿದ್ದಾಗ ಅಲ್ಲಿನ ಮಡಿಕೆಗಳು ನೀರಲ್ಲಿ ನೆನೆದ ಅವಲಕ್ಕಿಯಂತೆ ಬೆಳ್ಳಗೆ ಉಬ್ಬಿರುತ್ತವೆ, ನಡುವಿನ ಸಂದು ಬರಿಯ ಗೆರೆಯಾಗಿರುತ್ತದೆ. ಒಮ್ಮೆ ಕಂಡವರು ಅದನ್ನು ಮರೆಯುವುದಿಲ್ಲ. ಆದರೆ ಮರುದಿನ ಮಧ್ಯಾಹ್ನ ಪರೀಕ್ಷೆ ಮಾಡುವಷ್ಟರಲ್ಲಿ ಈ ಊತವೂ ಇಳಿದಿರಬಹುದು. ರಕ್ತದೊತ್ತಡ ಕುಸಿದು ಸತ್ತವರಲ್ಲಂತೂ ಅದು ಮೊದಲೇ ಇಲ್ಲದಿರಬಹುದು. ಬ್ರಿಟನ್ನಿನಲ್ಲಿ ಇಂಥ ಸಾವುಗಳನ್ನು ವರ್ಷಗಟ್ಟಲೆ ಬೆನ್ನಟ್ಟಿ ದಾಖಲಿಸಿದ ರಿಚರ್ಡ್ ಪಂಫ್ರಿ ಮತ್ತು ಅವರ ಸಹೋದ್ಯೋಗಿ 2000ದಲ್ಲಿ 56 ಶವಪರೀಕ್ಷೆಗಳ ವಿವರ ಪ್ರಕಟಿಸಿದರು. ಅವುಗಳಲ್ಲಿ 23ರಲ್ಲಿ ಬರಿಗಣ್ಣಿಗೆ ಅಲರ್ಜಿಯ ಯಾವ ಗುರುತೂ ಇರಲಿಲ್ಲ. ಆದ್ದರಿಂದ ‘ಏನೂ ಸಿಗಲಿಲ್ಲ’ ಎಂದ ವೈದ್ಯರನ್ನು ಬೈಯಬೇಡಿ. ಸಿಗದಿದ್ದದ್ದನ್ನು ಅವರು ಪ್ರಾಮಾಣಿಕವಾಗಿ ಸಿಗಲಿಲ್ಲ ಎಂದೇ ಬರೆದಿದ್ದಾರೆ.

ಎಫ್‌ಎಸ್‌ಎಲ್ ವಿಚಾರವೂ ಹೀಗೆಯೇ. ಜಠರ, ಕರುಳು, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ದಟ್ಟ ಉಪ್ಪುನೀರಿನಲ್ಲಿ ಹಾಕಿ ಮೊಹರು ಮಾಡಿ ಕಳಿಸುತ್ತೇವೆ. ಅವರು ಹುಡುಕುವುದು ಕೀಟನಾಶಕ, ಮದ್ಯ, ನಿದ್ರೆಮಾತ್ರೆಯಂಥವನ್ನು. ನೋವಿನ ಮಾತ್ರೆಯ ಅಂಶ ಸಿಕ್ಕರೂ ‘ಮಿತಿಯೊಳಗಿದೆ’ ಎಂದಾಗುತ್ತದೆ. ಅಲರ್ಜಿಯಲ್ಲಿ ಎಷ್ಟು ನುಂಗಿದರು ಎಂಬ ಲೆಕ್ಕಕ್ಕೆ ಬೆಲೆಯೇ ಇಲ್ಲ. ಒಂದೇ ಮಾತ್ರೆ ಸಾಕು. ಅಲರ್ಜಿಯನ್ನು ತೋರಿಸಬಲ್ಲ ಪರೀಕ್ಷೆಯನ್ನು ಯಾರೂ ಕೇಳದಿದ್ದರೆ ಯಾರೂ ಮಾಡುವುದಿಲ್ಲ.

ಈಗ ಮಾಡಬಹುದಾದದ್ದು ಸ್ವಲ್ಪ ಇದೆ. ಮರಣೋತ್ತರ ವರದಿ, ಎಫ್‌ಎಸ್‌ಎಲ್ ವರದಿ, ಆಸ್ಪತ್ರೆಯಲ್ಲಿ ಬರೆದ ಚೀಟಿ, ಮೂರರ ಪ್ರತಿಯನ್ನೂ ತೆಗೆದುಕೊಳ್ಳಿ. ಶ್ವಾಸಕೋಶ, ಧ್ವನಿಪೆಟ್ಟಿಗೆ ಮುಂತಾದವುಗಳ ತುಂಡುಗಳನ್ನು ಫಾರ್ಮಲಿನ್‌ನಲ್ಲಿ ಹಾಕಿ ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳಿಸಿದ್ದರೇ ಎಂದು ನೋಡಿ. ಕಳಿಸಿದ್ದರೆ ಅವುಗಳ ಮೇಣದ ಬ್ಲಾಕ್‌ಗಳು ರೋಗಶಾಸ್ತ್ರ ವಿಭಾಗದಲ್ಲಿ ಉಳಿದಿರುವ ಸಾಧ್ಯತೆ ಇದೆ, ಮಾಸ್ಟ್ ಕೋಶಗಳನ್ನು ಎತ್ತಿ ತೋರಿಸುವ ಬಣ್ಣ ಹಾಕಿ ಅವನ್ನು ಮತ್ತೆ ನೋಡಬಹುದು. ಹಿಂದೆ ಗಂಧೆ ಎದ್ದಾಗ ತೋರಿಸಿದ ವೈದ್ಯರ ಚೀಟಿ ಮನೆಯಲ್ಲಿ ಹುಡುಕಿ, ಮಾತ್ರೆಯ ಪಟ್ಟಿ ಇದ್ದರೆ ಎತ್ತಿಡಿ. ನಿಮ್ಮ, ತಮ್ಮನ ಹೆಂಡತಿಯ, ಆಟೊ ಚಾಲಕನ ಹೇಳಿಕೆಯನ್ನು ಗಂಟೆ ನಿಮಿಷಗಳೊಂದಿಗೆ ಬರೆದು ತನಿಖಾಧಿಕಾರಿಗೆ ಕೊಟ್ಟು, ಅವರ ಮೂಲಕ ವಿಧಿವಿಜ್ಞಾನ ವೈದ್ಯ ವಿಭಾಗದ ಮರು ಅಭಿಪ್ರಾಯ ಕೇಳಿ. ನೋವಿನ ಮಾತ್ರೆಗಳ ಅಲರ್ಜಿಯನ್ನು ರಕ್ತ ಪರೀಕ್ಷೆಯಿಂದ ಸಾಬೀತುಪಡಿಸುವುದು ಬದುಕಿದ್ದವರಲ್ಲೇ ಕಷ್ಟ. ಆದ್ದರಿಂದ ನಿಮ್ಮೆಲ್ಲರ ನೆನಪೇ ಇಲ್ಲಿ ದೊಡ್ಡ ಸಾಕ್ಷಿ.

ಇನ್ನು ಆ ಹುಡುಗಿಯ ವಿಚಾರ. ಗಂಡ ಕಣ್ಣೆದುರೇ ಹೋದ, ಮೇಲೆ ಕೊಲೆಗಾತಿಯೆಂಬ ನೋಟ. ಅವಳ ಮೇಲೆ ಹೊರಿಸಲು ನಿಮ್ಮವರ ಬಳಿ ಇರುವುದು ಅವಳು ಬಡಿಸಿದಳು ಎಂಬ ಒಂದೇ ಸಂಗತಿ. ವಿಷ ಹುಡುಕಿದರು, ಸಿಗಲಿಲ್ಲ. ಮಾತ್ರೆಯ ಹಿಂದೆ ಗಂಧೆಯ ಚರಿತ್ರೆ ಇದೆ, ಊಟದ ಹಿಂದೆ ಏನೂ ಇಲ್ಲ. ಅದೇ ಊಟವನ್ನು ಮನೆಯ ಉಳಿದವರೂ ಉಂಡಿದ್ದರೆ ಅದನ್ನೂ ಹೇಳಿಕೆಯಲ್ಲಿ ಬರೆಸಿ. ಈ ಮಾತನ್ನು ನೀವೇ, ಸತ್ತವನ ಅಕ್ಕನಾಗಿ, ಮನೆಯಲ್ಲಿ ಗಟ್ಟಿಯಾಗಿ ಹೇಳಿ. ನನ್ನ ಅಭಿಪ್ರಾಯಕ್ಕಿಂತ ನಿಮ್ಮ ಬಾಯಿಂದ ಬಂದ ಮಾತಿಗೆ ಅಲ್ಲಿ ಹೆಚ್ಚು ತೂಕ.

ಪ್ರಶ್ನೆ: ನಾನು ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ಯುಡಿಆರ್ (ಅಸಹಜ ಸಾವಿನ ವರದಿ) ಪ್ರಕರಣಗಳಲ್ಲಿ ಅಲರ್ಜಿಯನ್ನು ಗಮನಿಸಬೇಕೆಂದು ನೀವು ಹಿಂದೊಮ್ಮೆ ಬರೆದಿದ್ದಿರಿ. ಸ್ಥಳದಲ್ಲಿ ನಾವು ನೋಡಬೇಕಾದದ್ದು ಏನು?
— ಓದುಗರು, ಬಳ್ಳಾರಿ ಜಿಲ್ಲೆ

ಉತ್ತರ: ಕೇಳಿದ್ದು ಬಹಳ ಸಂತೋಷ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ, ಅಂದರೆ ಹಿಂದಿನ ಸಿಆರ್‌ಪಿಸಿ 174, ಸಾವು ಹೇಗಾಯಿತೆಂದು ಮೇಲ್ನೋಟಕ್ಕೆ ಕಾಣುವುದನ್ನು ಬರೆಯಲು ನಿಮಗೆ ಹೇಳುತ್ತದೆ. ಗಾಯ, ಹಗ್ಗದ ಗುರುತು, ಬಾಯಿಯ ನೊರೆ ಇವನ್ನು ನೀವು ತಪ್ಪದೆ ಬರೆಯುತ್ತೀರಿ. ನಾನು ಕೇಳುವುದು ಕೊನೆಯ ಒಂದು ಗಂಟೆಯ ಕಥೆಯನ್ನು. ಏನು ತಿಂದರು, ಏನು ಕುಡಿದರು, ಯಾವ ಮಾತ್ರೆ ಅಥವಾ ಇಂಜೆಕ್ಷನ್, ಏನಾದರೂ ಕಚ್ಚಿತೇ, ಅದಾದ ಎಷ್ಟು ಹೊತ್ತಿಗೆ ಮೊದಲ ತೊಂದರೆ, ಅದನ್ನು ಅವರು ಯಾವ ಮಾತಿನಲ್ಲಿ ಹೇಳಿದರು. ಜನ ‘ಅಲರ್ಜಿ’ ಎನ್ನುವುದಿಲ್ಲ. ‘ಮೈ ಉರಿ’, ‘ಗಂಟಲು ಕಟ್ಟಿತು’, ‘ನಾಲಗೆ ದಪ್ಪವಾಯಿತು’, ‘ಹೊಟ್ಟೆ ನುಲಿಯಿತು’, ‘ಕಣ್ಣು ಕತ್ತಲೆ’, ‘ನನಗೇನೋ ಆಗುತ್ತಿದೆ, ನಾನು ಉಳಿಯುವುದಿಲ್ಲ’ ಎನ್ನುತ್ತಾರೆ. ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ‘ಅಸ್ವಸ್ಥರಾದರು’ ಎಂದು ತಿದ್ದಬೇಡಿ.

ವೇಳೆ ಏಕೆ ಮುಖ್ಯ ಎಂದರೆ, ಪಂಫ್ರಿ ಅವರ ದಾಖಲೆಗಳ ಪ್ರಕಾರ ಉಸಿರು ಅಥವಾ ಹೃದಯ ನಿಲ್ಲುವವರೆಗಿನ ನಡುಮಟ್ಟದ ಅವಧಿ ಆಹಾರಕ್ಕೆ 30 ನಿಮಿಷ, ಕೀಟದ ಕಡಿತಕ್ಕೆ 15, ಚುಚ್ಚುಮದ್ದಿನಂಥ ಚಿಕಿತ್ಸೆಗೆ 5. ಮತ್ತೊಂದು ಪ್ರಶ್ನೆ ಸೇರಿಸಿ: ಕುಸಿಯುವ ಹೊತ್ತಿಗೆ ಮಲಗಿದ್ದರೇ, ಎಬ್ಬಿಸಿ ಕೂರಿಸಿದ್ದರೇ? ರಕ್ತದೊತ್ತಡ ಬಿದ್ದವರನ್ನು ಎಬ್ಬಿಸಿದಾಗ ಹೃದಯಕ್ಕೆ ಮರಳುವ ರಕ್ತ ಇನ್ನಷ್ಟು ಕಡಿಮೆಯಾಗಿ ಕೂಡಲೇ ಸಾವಾದ ಉದಾಹರಣೆಗಳಿವೆ. (ಅರಸೀಕೆರೆಯ ಅಕ್ಕ ಇದನ್ನು ಓದಿ ಆಟೊದಲ್ಲಿ ಕೂರಿಸಿದ್ದಕ್ಕೆ ಕೊರಗಬಾರದು. ಉಸಿರು ಕಟ್ಟಿದವರನ್ನು ಕೂರಿಸುವುದು ಎಲ್ಲರೂ ಮಾಡುವ ಕೆಲಸ.)

ವಸ್ತುಗಳ ಬಗ್ಗೆ ಹೇಳುವುದಾದರೆ, ತಟ್ಟೆಯಲ್ಲಿ ಉಳಿದ ಅನ್ನ, ಬೇಕರಿಯ ಪೊಟ್ಟಣ, ಮಾತ್ರೆಯ ಪಟ್ಟಿ, ಖಾಲಿ ವಯಲ್, ಇವು ಕಸದ ಬುಟ್ಟಿಗೆ ಹೋಗುವ ಮುನ್ನ ಜಪ್ತಿಯಾಗಲಿ. ಮನೆಯಲ್ಲಿ ಅವಿಲ್‌ನಂಥ ಅಲರ್ಜಿಯ ಮಾತ್ರೆ ಅಥವಾ ಅಸ್ತಮಾದ ಇನ್‌ಹೇಲರ್ ಕಂಡರೆ ಅದನ್ನೂ ಬರೆಯಿರಿ. ಅಸ್ತಮಾ ಇದ್ದವರಲ್ಲಿ ಆಹಾರದ ಅಲರ್ಜಿ ಪ್ರಾಣಕ್ಕೆ ಮುಳುವಾಗುವ ಸಂಭವ ಹೆಚ್ಚು. ನಂತರ ಶವಪರೀಕ್ಷೆಯ ಕೋರಿಕೆ ಪತ್ರದಲ್ಲಿ ‘ತೀವ್ರ ಅಲರ್ಜಿಯ ಸಾಧ್ಯತೆ ಪರಿಶೀಲಿಸಬೇಕು’ ಎಂದು ಒಂದು ವಾಕ್ಯ ಹಾಕಿ. ಆ ವಾಕ್ಯವಿದ್ದರೆ ವೈದ್ಯರು ಬೇರೆ ಬಾಟಲಿಯಲ್ಲಿ ರಕ್ತ ತೆಗೆಯುತ್ತಾರೆ.

ಪ್ರಶ್ನೆ: ಜಿಲ್ಲಾ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುವ ಯುವ ವೈದ್ಯ ನಾನು. ರಕ್ತದಲ್ಲಿ ಟ್ರಿಪ್ಟೇಸ್ (ಮಾಸ್ಟ್ ಕೋಶಗಳು ಹೊರಚೆಲ್ಲುವ ಕಿಣ್ವ) ಹೆಚ್ಚಿದ್ದರೆ ಅನಾಫಿಲಾಕ್ಸಿಸ್ ಎಂದು ಬರೆಯಬಹುದೇ, ಮೇಡಂ?
— ವೈದ್ಯ ಓದುಗರು, ಕಲಬುರಗಿ

ಉತ್ತರ: ಅದೊಂದರ ಮೇಲೆ ಬರೆಯಬೇಡಿ, ಡಾಕ್ಟ್ರೇ. ಮೊದಲು ರಕ್ತ ಎಲ್ಲಿಂದ ತೆಗೆದಿರಿ ಎಂಬುದನ್ನು ನೋಡಿಕೊಳ್ಳಿ. ಹೃದಯದಿಂದ ತೆಗೆದರೆ ಹೃದಯ, ಶ್ವಾಸಕೋಶಗಳ ಮಾಸ್ಟ್ ಕೋಶಗಳಿಂದ ಸತ್ತ ಮೇಲೆ ಸೋರಿದ ಟ್ರಿಪ್ಟೇಸ್ ಸೇರಿಕೊಂಡು ಅಂಕಿ ಸುಳ್ಳಾಗಿ ಏರುತ್ತದೆ. ತೊಡೆಯ ರಕ್ತನಾಳವನ್ನು ಮೇಲೆ ಕಟ್ಟಿ, ಅಲ್ಲಿಂದ ತೆಗೆಯಿರಿ. ಫ್ಲೋರೈಡ್ ಬಾಟಲಿ ಬೇಡ, ಖಾಲಿ ನಳಿಕೆ ಸಾಕು. ಸೀರಂ ಬೇರ್ಪಡಿಸಿ ಮೈನಸ್ 20 ಡಿಗ್ರಿಯಲ್ಲಿ ಇಡಿ. ರೋಗಿ ಆಸ್ಪತ್ರೆಗೆ ಬಂದಾಗ ಜೀವವಿದ್ದು ರಕ್ತ ತೆಗೆದಿದ್ದರೆ, ಪ್ರಯೋಗಾಲಯಕ್ಕೆ ಓಡಿ ಆ ನಳಿಕೆಯನ್ನು ಎತ್ತಿಡಿಸಿ. ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ, ಮತ್ತು ಅದು ಕೆಲವು ದಿನಗಳಲ್ಲಿ ಚರಂಡಿ ಪಾಲಾಗುವ ಮಾದರಿ.

ಬದುಕಿದ್ದವರಲ್ಲಿ ಸಾಮಾನ್ಯ ಮಿತಿ ಮಿಲಿಲೀಟರಿಗೆ 11.4 ನ್ಯಾನೊಗ್ರಾಂ. ಸತ್ತವರಿಗೆ ಈ ಗೆರೆ ಹೊಂದುವುದಿಲ್ಲ, ಬೇರೆ ಕಾರಣದಿಂದ ಸತ್ತವರಲ್ಲೂ ಅದನ್ನು ದಾಟಿರುತ್ತದೆ. ಆದ್ದರಿಂದ ಹಲವು ಸಂಶೋಧಕರು 40-50ರ ಆಸುಪಾಸಿನಲ್ಲಿ ಗೆರೆ ಎಳೆದಿದ್ದಾರೆ. ಹೃದಯಾಘಾತ, ದೊಡ್ಡ ಪೆಟ್ಟು, ಉಸಿರುಗಟ್ಟುವಿಕೆಯಲ್ಲೂ ಅಂಕಿ ಏರಬಹುದು. ಇನ್ನೊಂದೆಡೆ, ಆಹಾರದ ಅಲರ್ಜಿಯಲ್ಲಿ ಅದು ಏರದೆಯೇ ಇರಬಹುದು. ನಿಮಿಷಗಳಲ್ಲಿ ಸತ್ತವರಲ್ಲಿ ಏರಲು ಸಮಯವೇ ಸಿಕ್ಕಿರುವುದಿಲ್ಲ.

ಐಜಿಇ, ಅಂದರೆ ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯದ ಬಗ್ಗೆಯೂ ಎಚ್ಚರ ಬೇಕು, ಇದಕ್ಕೆ ನಮ್ಮ ರಾಜ್ಯದ್ದೇ ಆಧಾರವಿದೆ. ಬೆಂಗಳೂರು, ಮೈಸೂರುಗಳ ವಯಸ್ಕರಲ್ಲಿ ಆಹಾರದ ಅಲರ್ಜಿಯ ದೊಡ್ಡ ಅಧ್ಯಯನವೊಂದು ನಡೆಯಿತು, 2016ರಲ್ಲಿ ಪ್ರಕಟವಾಯಿತು. ಯಾವುದಾದರೂ ಆಹಾರಕ್ಕೆ ಐಜಿಇ ಇದ್ದವರು ಶೇ 26.5. ನಿಜವಾಗಿ ಅಲರ್ಜಿ ಇರುವ ಸಂಭವವಿದ್ದವರು ಶೇ 1.2 ಮಾತ್ರ. ಅಂದರೆ ನಿಮ್ಮ ಮೇಜಿನ ಮೇಲೆ ಬರುವ ನಾಲ್ವರಲ್ಲಿ ಒಬ್ಬರ ರಕ್ತದಲ್ಲಿ ಏನಾದರೊಂದು ಆಹಾರದ ಐಜಿಇ ಸಿಕ್ಕೇ ಸಿಗುತ್ತದೆ. ಲಾರಿ ಗುದ್ದಿ ಸತ್ತವರಲ್ಲೂ ಸಿಗುತ್ತದೆ. ಅದು ತಿಂದ ವಸ್ತುವಿಗೆ, ವೇಳೆಗೆ, ಕಂಡವರ ಹೇಳಿಕೆಗೆ ತಾಳೆಯಾಗಬೇಕು. ಹೃದಯವನ್ನೂ ಮಿದುಳನ್ನೂ ಪೂರ್ತಿ ನೋಡಿ, ಉಳಿದ ಕಾರಣಗಳನ್ನು ಕಳೆದು, ಆಮೇಲೆ ಬರೆಯಿರಿ. ‘ಸಂದರ್ಭ ಮತ್ತು ಪರೀಕ್ಷೆಗಳಿಗೆ ಹೊಂದುತ್ತದೆ’ ಎಂಬ ಅಭಿಪ್ರಾಯ ನ್ಯಾಯಾಲಯದಲ್ಲಿ ನಿಲ್ಲುತ್ತದೆ. ಬರಿಯ ಒಂದು ಅಂಕಿ ಪಾಟೀಸವಾಲಿನಲ್ಲಿ ಐದು ನಿಮಿಷ ನಿಲ್ಲುವುದಿಲ್ಲ.

ಪ್ರಶ್ನೆ: ಇಲ್ಲಿ ಗೋಮಾಂಸದ ಬರ್ಗರ್ ತಿಂದು ಗಂಟೆಗಳ ನಂತರ ಒಬ್ಬರು ಸತ್ತ ಸುದ್ದಿ ಓದಿದೆ. ಅಷ್ಟು ತಡವಾಗಿ ಅಲರ್ಜಿ ಆಗುತ್ತದೆಯೇ?
— ಓದುಗರು, ನ್ಯೂಜೆರ್ಸಿ, ಅಮೆರಿಕ

ಉತ್ತರ: ಆಗುತ್ತದೆ. ನೀವು ಓದಿದ್ದು 2024ರಲ್ಲಿ ನಡೆದ, 2025ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಥಾಮಸ್ ಪ್ಲಾಟ್ಸ್-ಮಿಲ್ಸ್ ಅವರ ತಂಡ ಪ್ರಕಟಿಸಿದ ಪ್ರಕರಣ. ಅಲ್ಲಿನ ಕೆಲವು ಉಣ್ಣೆಹುಳುಗಳು ಕಚ್ಚಿದವರಲ್ಲಿ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ವಿರುದ್ಧ ಐಜಿಇ ಹುಟ್ಟುತ್ತದೆ. ಹಸು, ಹಂದಿ, ಕುರಿಯ ಮಾಂಸದಲ್ಲಿ ಆ ಸಕ್ಕರೆ ಇದೆ. ತಿಂದು ಮೂರು-ನಾಲ್ಕು ಗಂಟೆಗಳಾದ ಮೇಲೆ ತೊಂದರೆ ಶುರುವಾಗುವುದರಿಂದ ಊಟಕ್ಕೂ ಇದಕ್ಕೂ ಸಂಬಂಧ ಕಟ್ಟುವುದು ಯಾರಿಗೂ ಹೊಳೆಯುವುದಿಲ್ಲ. ಆ ವ್ಯಕ್ತಿಗೆ ಕೆಲವು ವಾರಗಳ ಹಿಂದೆ ಮಾಂಸ ತಿಂದ ರಾತ್ರಿ ವಿಪರೀತ ಹೊಟ್ಟೆನೋವು ಬಂದಿತ್ತು. ಎರಡನೆಯ ಸಲ ಜೀವವೇ ಹೋಯಿತು.

ನನ್ನನ್ನು ತಟ್ಟಿದ ಸಂಗತಿ ಎಂದರೆ, ಅಲ್ಲಿಯೂ ಶವಪರೀಕ್ಷೆ ಮೊದಲು ‘ಕಾರಣ ತಿಳಿಯದ ಹಠಾತ್ ಸಾವು’ ಎಂದೇ ಮುಗಿದಿತ್ತು. ಹೆಂಡತಿ ಸುಮ್ಮನಾಗಲಿಲ್ಲ. ಪರಿಚಯದ ವೈದ್ಯರಿಗೆ ವರದಿ ತೋರಿಸಿದರು, ಅವರು ಪ್ಲಾಟ್ಸ್-ಮಿಲ್ಸ್ ಅವರನ್ನು ಸಂಪರ್ಕಿಸಿದರು. ಎತ್ತಿಟ್ಟ ರಕ್ತ ಇತ್ತು. ಅದರಲ್ಲಿ ಆಲ್ಫಾ-ಗ್ಯಾಲ್ ಐಜಿಇ ಸಿಕ್ಕಿತು, ಟ್ರಿಪ್ಟೇಸ್ 2,000ಕ್ಕೂ ಮೇಲಿತ್ತು. ಅಷ್ಟು ದೊಡ್ಡ ದೇಶದಲ್ಲೂ ಉತ್ತರ ಸಿಕ್ಕಿದ್ದು ಮನೆಯಾಕೆಯ ಹಟದಿಂದ ಮತ್ತು ಒಂದು ನಳಿಕೆ ರಕ್ತದಿಂದ. ಅಲ್ಲಿನ ಕಾಡುದಾರಿಯಲ್ಲಿ ನಡೆದು ಬಂದವರು ಕಾಲುಗಳನ್ನು ನೋಡಿಕೊಳ್ಳಿ. ಮಾಂಸ ತಿಂದ ರಾತ್ರಿ ಕಾರಣವಿಲ್ಲದೆ ಹೊಟ್ಟೆನೋವು, ಗಂಧೆ ಬಂದರೆ ವೈದ್ಯರಿಗೆ ಉಣ್ಣೆಯ ಕಡಿತವನ್ನೂ ತಿಳಿಸಿ.

ಪ್ರಶ್ನೆ: ನಾನು ನರ್ಸ್. ಚಿಕ್ಕ ಆಸ್ಪತ್ರೆಯೊಂದರಲ್ಲಿ ನಾನು ಕೊಟ್ಟ ಆ್ಯಂಟಿಬಯಾಟಿಕ್ ಇಂಜೆಕ್ಷನ್ ನಂತರ ರೋಗಿ ತೀರಿಕೊಂಡರು. ನಾನೇ ಕೊಂದೆ ಎನ್ನುತ್ತಿದ್ದಾರೆ. ನಿದ್ರೆ ಬರುವುದಿಲ್ಲ.
— ಹೆಸರು ಬೇಡ

ಉತ್ತರ: ಮಗೂ, ವೈದ್ಯರು ಬರೆದ ಔಷಧವನ್ನು, ಬರೆದ ಪ್ರಮಾಣದಲ್ಲಿ, ಹಿಂದಿನ ಅಲರ್ಜಿ ಕೇಳಿ ಕೊಟ್ಟಿದ್ದರೆ ನೀನು ಕೊಂದಿಲ್ಲ. ಹಿಂದೆ ಅದೇ ಔಷಧ ಒಗ್ಗಿದ್ದವರಿಗೂ ಹೀಗಾಗಬಹುದು. ಅಲರ್ಜಿ ಆದದ್ದೇ ನಿರ್ಲಕ್ಷ್ಯವಲ್ಲ. ತನಿಖೆ ಕೇಳುವುದು ಬೇರೆ: ಅಲರ್ಜಿಯ ಬಗ್ಗೆ ವಿಚಾರಿಸಿದರೇ, ತೊಂದರೆ ಯಾವಾಗ ಗುರುತಿಸಿದರು, ಅಡ್ರಿನಲಿನ್ ಯಾವಾಗ ಕೊಟ್ಟರು. ವಯಸ್ಕರಿಗೆ ತೊಡೆಯ ಹೊರಬದಿಯ ಸ್ನಾಯುವಿಗೆ 0.5 ಮಿಲಿಗ್ರಾಂ ಅಡ್ರಿನಲಿನ್, ಅದೇ ಮೊದಲ ಮದ್ದು. ಅವಿಲ್, ಸ್ಟೆರಾಯ್ಡ್‌ಗಳು ಅದರ ಜಾಗ ತುಂಬುವುದಿಲ್ಲ. ಅಗ್ಗದ ಆ ಆ್ಯಂಪುಲ್ ಟ್ರೇಯಲ್ಲಿ ಇಲ್ಲದೆ ಇಂಜೆಕ್ಷನ್ ಕೊಡುವ ಆಸ್ಪತ್ರೆಗಳನ್ನು ಕಂಡರೆ ನನಗೆ ಇಂದಿಗೂ ಕೋಪ ಬರುತ್ತದೆ. ಆ ಹೊಣೆ ಆಡಳಿತದ್ದು, ನಿನ್ನೊಬ್ಬಳದಲ್ಲ.

ನೆನಪಿರುವಾಗಲೇ ಎಲ್ಲವನ್ನೂ ವೇಳೆಯೊಂದಿಗೆ ಬರೆದಿಡು. ಕೇಸ್ ಶೀಟಿನಲ್ಲಿ ಒಂದಕ್ಷರವನ್ನೂ ಈಗ ತಿದ್ದಬೇಡ, ಯಾರು ಹೇಳಿದರೂ ತಿದ್ದಬೇಡ. ವಯಲ್ ಮತ್ತು ಬ್ಯಾಚ್ ಸಂಖ್ಯೆ ಭದ್ರವಾಗಿವೆಯೇ ಎಂದು ಕೇಳು. ವೈದ್ಯರ ಮೇಲೆ ಕ್ರಿಮಿನಲ್ ಕ್ರಮ ಜರುಗಿಸುವ ಮೊದಲು ಸ್ವತಂತ್ರ ತಜ್ಞ ವೈದ್ಯರ ಅಭಿಪ್ರಾಯ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿದೆ. ಅದನ್ನು ಬಲ್ಲ ವಕೀಲರನ್ನು ಕಾಣು. ನಿದ್ರೆಗಾಗಿ ಮನೋವೈದ್ಯರ ಬಳಿ ಹೋಗು, ತಡ ಮಾಡಬೇಡ.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಹೆಜ್ಜೇನು ದಾಳಿಗೆ ಕಾರ್ಮಿಕರೊಬ್ಬರು ಬಲಿಯಾದರು. ಮೈಯಲ್ಲಿ ಎರಡೇ ಕಡಿತವಿತ್ತು, ಅಷ್ಟಕ್ಕೆ ಸಾಯಲು ಸಾಧ್ಯವಿಲ್ಲ, ಹೃದಯದ ಕಾಯಿಲೆ ಇದ್ದಿರಬೇಕು ಎನ್ನುತ್ತಾರೆ. ನಿಜವೇ?
— ಓದುಗರು, ಕೊಡಗು

ಉತ್ತರ: ಒಂದೇ ಕಡಿತಕ್ಕೂ ಸಾಯಬಹುದು. ನೂರಾರು ಹುಳು ಕಚ್ಚಿದಾಗ ವಿಷದ ಪ್ರಮಾಣವೇ ಕೊಲ್ಲುತ್ತದೆ. ಸ್ನಾಯು ಕರಗಿ, ಮೂತ್ರಪಿಂಡ ಸೋತು, ಅದು ಗಂಟೆಗಳಿಂದ ದಿನಗಳವರೆಗೆ ಎಳೆಯುತ್ತದೆ. ಒಂದೆರಡು ಕಡಿತಕ್ಕೆ ಕಾಲು ಗಂಟೆಯೊಳಗೆ ಕುಸಿದರೆ ಅಲರ್ಜಿಯನ್ನೇ ಮೊದಲು ಯೋಚಿಸಬೇಕು. ಹೃದಯದ ಕಾಯಿಲೆ ಇದ್ದಿರಲೂಬಹುದು, ಆದರೆ ಅದು ಅಲರ್ಜಿಯನ್ನು ಅಳಿಸಿಹಾಕುವುದಿಲ್ಲ. ಅಲರ್ಜಿಯೇ ಹೃದಯದ ರಕ್ತನಾಳವನ್ನು ಬಿಗಿಸಿ ಆಘಾತ ತರಬಲ್ಲದು. ಗ್ರೀಸ್ ದೇಶದ ನಿಕೊಲಾಸ್ ಕೌನಿಸ್ 1991ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಕೌನಿಸ್ ಸಿಂಡ್ರೋಮ್ ಎನ್ನುತ್ತಾರೆ.

ಎರಡೇ ಕಡಿತ ಎಂದು ಎಣಿಸಿದವರು ಕೂದಲು ಸರಿಸಿ ನೋಡಿದರೇ? ನೆತ್ತಿ, ಕಿವಿಯ ಹಿಂಭಾಗ, ಮೂಗಿನ ಒಳಗು, ಬಾಯೊಳಗು, ಬಟ್ಟೆಯ ಮಡಿಕೆ ಇವನ್ನು ಭೂತಗನ್ನಡಿ ಹಿಡಿದು ನೋಡಬೇಕು. ಜೇನುಹುಳು ತನ್ನ ಮುಳ್ಳನ್ನು ವಿಷದ ಚೀಲದೊಂದಿಗೆ ಚರ್ಮದಲ್ಲೇ ಬಿಟ್ಟುಹೋಗುತ್ತದೆ. ಎಳ್ಳಿಗಿಂತ ಚಿಕ್ಕದಾದ ಕಂದು ಚುಕ್ಕೆಯ ಹಾಗೆ ಕಾಣುವ ಅದನ್ನು ಚಿಮುಟದಿಂದ ತೆಗೆದು ಸಣ್ಣ ಸೀಸೆಯಲ್ಲಿ ಹಾಕಿದರೆ ಕಚ್ಚಿದ್ದು ಜೇನೆಂಬುದಕ್ಕೆ ಸಾಕ್ಷಿಯಾಗುತ್ತದೆ. ಕಣಜ ಮುಳ್ಳು ಬಿಡುವುದಿಲ್ಲ. ಸತ್ತ ಹುಳು ಬಟ್ಟೆಯಲ್ಲಿ ಸಿಕ್ಕಿದ್ದರೆ ಎಸೆಯದೆ ಇಡಬೇಕು.

ಆ ಕಾರ್ಮಿಕರ ಕುಟುಂಬದ ಪರಿಹಾರ ಇದರ ಮೇಲೆ ನಿಂತಿದೆ ಎಂಬುದು ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ನನಗೆ ಅರ್ಥವಾಗುತ್ತದೆ. ಕೆಲಸದ ವೇಳೆ ತೋಟದಲ್ಲಿ ಜೇನು ಕಚ್ಚಿ ಸತ್ತರೆ ಒಂದು ದಾರಿ, ‘ಹೃದಯಾಘಾತ’ ಎಂದು ಬರೆದರೆ ಇನ್ನೊಂದು ದಾರಿ. ಜೊತೆಗಿದ್ದ ಕಾರ್ಮಿಕರ ಹೇಳಿಕೆ ಈ ವಾರವೇ ಬರೆಸಿ: ಕಚ್ಚಿದ ವೇಳೆ, ಬಿದ್ದ ವೇಳೆ, ಮುಖ ಊದಿತ್ತೇ, ಉಸಿರಾಟದಲ್ಲಿ ಸದ್ದು ಬರುತ್ತಿತ್ತೇ. ಅವರಲ್ಲಿ ಹಲವರು ಕೊಯ್ಲು ಮುಗಿದೊಡನೆ ಬೇರೆ ಊರಿಗೆ ಹೊರಟುಬಿಡುತ್ತಾರೆ. ಹೋಗುವ ಮುನ್ನ ಅವರ ವಿಳಾಸ ಮತ್ತು ಮೊಬೈಲ್ ಸಂಖ್ಯೆಯನ್ನೂ ಹೇಳಿಕೆಯ ಜೊತೆಗೇ ಠಾಣೆಗೆ ಕೊಡಿ.